ಡಬ್ಬಿಯಲ್ಲಿ ಮಾತ್ರೆ ಎಷ್ಟಿತ್ತು, ತಾತ?

ಮೇಷ್ಟ್ರು ತಾತನ ಪತ್ರ

ಪ್ರೀತಿಯ ಮಕ್ಕಳೇ, ಮಕ್ಕಳ ಪಕ್ಕದಲ್ಲಿ ಕನ್ನಡಕ ಏರಿಸಿಕೊಂಡು ಕೂತಿರುವ ಅಜ್ಜ-ಅಜ್ಜಿಯರೇ,

ಹೋದ ವಾರ ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನದ ಕಥೆ ಹೇಳಿದ್ದೆ. ಈ ವಾರ ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ, ಮುಂದಿನ ವಾರಕ್ಕಿರಲಿ. ಮೊನ್ನೆ ನನ್ನ ಹಳೆಯ ಶಿಷ್ಯನೊಬ್ಬನ ಮನೆಗೆ ಹೋಗಿದ್ದೆ. ಅವರಪ್ಪನ ಮಾತ್ರೆಗಳು ದೇವರ ಗೂಡಿನ ಪಕ್ಕ, ಕಲ್ಲುಸಕ್ಕರೆ ಬಟ್ಟಲಿನ ಜೊತೆಗೆ ಬಿದ್ದಿದ್ದವು. ಮೂರು ವರ್ಷದ ಮಗು ಅಲ್ಲೇ ಆಡುತ್ತಿತ್ತು. ನನ್ನ ಎದೆ ಧಸಕ್ಕೆಂದಿತು. ಅದಕ್ಕೇ ಈ ಪತ್ರ. ಇದನ್ನು ಬರೆಯಲು ನನಗೆ ಸ್ವಲ್ಪ ನಾಚಿಕೆಯೂ ಇದೆ. ಯಾಕೆಂದು ನೀವೇ ಓದುತ್ತಾ ತಿಳಿದುಕೊಳ್ಳುತ್ತೀರಿ.

ಹೋದ ವರ್ಷ ಮನೆಮಂದಿಯೆಲ್ಲ ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಹೋಗಿದ್ದೆವು. ಚಳ್ಳಕೆರೆ ತಾಲ್ಲೂಕಿನ ಆ ಜಾತ್ರೆಯ ಜನಜಂಗುಳಿಯನ್ನು ನೋಡಿದವರೇ ಬಲ್ಲರು. ನನ್ನ ಕಿರಿ ಮೊಮ್ಮಗಳು ಪುಟ್ಟಿಗೆ ಆಗ ನಾಲ್ಕು ವರ್ಷ. ಕಡ್ಡಿಯಂಥ ಮೈ, ಕಾಲಿಗೆ ಚಕ್ರ. ಬೆಳಗಿನಿಂದ ಬಿಸಿಲಲ್ಲಿ ಕುಣಿದಳು, ಪೀಪಿ ಊದಿದಳು, ಒಂದಿಷ್ಟು ಮಂಡಕ್ಕಿ, ಒಂದು ತುಂಡು ಬೆಂಡು ತಿಂದಳು. ಸಂಜೆ ವಾಪಸು ಬರುವಾಗ ಟೆಂಪೋದಲ್ಲೇ ಅಮ್ಮನ ತೊಡೆಯ ಮೇಲೆ ನಿದ್ದೆ ಹೋದಳು. ಮನೆಗೆ ಬಂದಮೇಲೆ ಸೊಸೆ ಎರಡು ಸಲ ಎಬ್ಬಿಸಿದಳು. ಮಗು ಕಣ್ಣು ಬಿಡಲಿಲ್ಲ.

"ಮಲಗಲಿ ಬಿಡಮ್ಮ, ದಣಿದಿದೆ. ಒಂದು ಹೊತ್ತು ಉಣ್ಣದಿದ್ದರೆ ಏನಾಗುತ್ತೆ?" ಎಂದವನು ನಾನೇ.

ಬೆಳಗ್ಗೆ ಏಳು ಗಂಟೆಯಾದರೂ ಪುಟ್ಟಿ ಏಳಲಿಲ್ಲ. ಎತ್ತಿ ಕೂರಿಸಿದರೆ ನೆನೆದ ಬಟ್ಟೆಯ ಹಾಗೆ ಒಂದು ಕಡೆಗೆ ವಾಲಿದಳು. ಮುಖ ಬಿಳುಚಿಕೊಂಡಿತ್ತು, ಹಣೆ ತುಂಬ ತಣ್ಣನೆಯ ಬೆವರು. ಒಂದು ಸಲ ವಾಂತಿ ಮಾಡಿಕೊಂಡಳು. ಹೆಸರು ಹಿಡಿದು ಕರೆದರೆ "ಹ್ಞಾ" ಅನ್ನುತ್ತಿದ್ದಳು, ಮಾತು ತೊದಲುತ್ತಿತ್ತು. ಜ್ವರ ಮಾತ್ರ ಇರಲಿಲ್ಲ.

"ಜಾತ್ರೆಯಲ್ಲಿ ಯಾರ ಕಣ್ಣು ಬಿತ್ತೋ" ಎಂದು ನಮ್ಮ ಮನೆಯವರು ಉಪ್ಪು, ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆಯಲು ಬಂದರು. ಪುಟ್ಟಿಯ ಅಕ್ಕ ಆಗ ಆರನೇ ಕ್ಲಾಸು. ಅವಳು ತಂಗಿಯ ಕತ್ತು ಮುಟ್ಟಿ ನೋಡಿ ನನ್ನ ಕಡೆ ತಿರುಗಿದಳು.

"ತಾತ, ನಿಮಗೂ ಶುಗರ್ ಇಳಿದಾಗ ಹೀಗೇ ಬೆವರುತ್ತಲ್ಲ? ನಿಮ್ಮ ಮಿಷನ್ನಲ್ಲಿ ಇವಳಿಗೂ ನೋಡಿ."

ನನಗೆ ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷವಾಯಿತು. ಬೆರಳು ಚುಚ್ಚಿ ನೋಡುವ ಗ್ಲೂಕೋಮೀಟರು ಮನೆಯಲ್ಲೇ ಇದೆ. ಪುಟ್ಟಿಯ ಬೆರಳು ಚುಚ್ಚಿದೆ. 43 ಎಂದು ತೋರಿಸಿತು. ನನ್ನ ಕೈ ನಡುಗಿತು. ಸಾಮಾನ್ಯವಾಗಿ ಬರಿ ಹೊಟ್ಟೆಯಲ್ಲಿ 70ರಿಂದ 100ರ ಒಳಗೆ ಇರಬೇಕಾದದ್ದು ಅದು. ನುಂಗುವಷ್ಟು ಎಚ್ಚರ ಇದ್ದುದರಿಂದ ಸೊಸೆ ಸಕ್ಕರೆ ನೀರನ್ನು ಚಮಚ ಚಮಚವಾಗಿ ಕುಡಿಸಿದಳು. ಜೊತೆಗೆ ಅಜ್ಜಿ ಒಂದು ಚೂರು ಬೆಲ್ಲವನ್ನು ಅವಳ ಕೈಗೆ ಕೊಟ್ಟು ಚೀಪಿಸಿದರು. ಹತ್ತು ನಿಮಿಷ ಬಿಟ್ಟು ಮತ್ತೆ ಚುಚ್ಚಿದೆ. 318!

ಸೊಸೆ ಅತ್ತೇಬಿಟ್ಟಳು. "ಮಾವ, ನಿಮ್ಮ ಕಾಯಿಲೆ ಮಗುವಿಗೂ ಬಂತಾ?"

ಏನು ಹೇಳಲಿ? ಆಟೋ ಹತ್ತಿಸಿ ಆಸ್ಪತ್ರೆಗೆ ಓಡಿದೆವು.

ಅಲ್ಲಿದ್ದ ಡಾಕ್ಟರಮ್ಮ ಮೊದಲು ಮಾಡಿದ ಕೆಲಸ ನೋಡಿ ನನಗೆ ಆಶ್ಚರ್ಯವಾಯಿತು. ಪುಟ್ಟಿಯ ಕೈಯನ್ನು ಸೋಪು ಹಚ್ಚಿ ತೊಳೆಸಿ, ಒರೆಸಿ, ಆಮೇಲೆ ಬೆರಳು ಚುಚ್ಚಿದರು. 61 ಬಂತು. "ನಿಮ್ಮ 318 ಮಗುವಿನ ರಕ್ತದ್ದಲ್ಲ ಮೇಷ್ಟ್ರೇ, ಬೆರಳಿಗೆ ಅಂಟಿದ ಬೆಲ್ಲದ್ದು" ಎಂದರು. ಗ್ಲೂಕೋಮೀಟರಿಗೆ ಬೇಕಾದದ್ದು ಸಣ್ಣ ಹನಿ ರಕ್ತ. ಅದಕ್ಕೆ ಒಂದಿಷ್ಟು ಬೆಲ್ಲವೋ ಹಣ್ಣಿನ ರಸವೋ ಸೇರಿದರೆ ಲೆಕ್ಕ ಎಲ್ಲಿಗೋ ಹೋಗುತ್ತದಂತೆ. ಹನ್ನೆರಡು ವರ್ಷದಿಂದ ಮಿಷನ್ ಇಟ್ಟುಕೊಂಡ ನನಗೆ ಇದು ಹೊಳೆದಿರಲಿಲ್ಲ.

ರಕ್ತ ತೆಗೆದುಕೊಂಡರು, ಮೂತ್ರ ಹಿಡಿಸಿದರು, ಗ್ಲೂಕೋಸ್ ಹಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು.

"ಮನೆಯಲ್ಲಿ ಶುಗರ್ ಮಾತ್ರೆ ತಗೊಳ್ಳೋರು ಯಾರಿದ್ದೀರಿ?"

"ನಾನೇ ಡಾಕ್ಟ್ರೇ."

"ನಿಮ್ಮ ಮಾತ್ರೆ ಎಣಿಸಿ ಹೇಳಿ. ನಿನ್ನೆಯಿಂದ ಈಚೆಗೆ ಒಂದಾದರೂ ಕಡಿಮೆ ಆಗಿದೆಯಾ?"

ಮಕ್ಕಳೇ, ನಲವತ್ತು ವರ್ಷ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು ನಾನು. ಅವತ್ತು ಉತ್ತರ ಬರಲಿಲ್ಲ. ಮಾತ್ರೆಯನ್ನು ಹಾಳೆಯಿಂದ ಬಿಡಿಸುವುದು ನನ್ನ ಬೆರಳಿಗೆ ಕಷ್ಟ. ಹಾಗಾಗಿ ಒಂದೇ ಸಲ ಎಲ್ಲವನ್ನೂ ಬಿಡಿಸಿ ಹಳೆಯ ತಗಡಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದೆ. ಸಕ್ಕರೆ ಇಳಿದರೆ ತಕ್ಷಣ ಬಾಯಿಗೆ ಹಾಕಿಕೊಳ್ಳಲು ಬೇಕಲ್ಲ ಎಂದು ಅದೇ ಡಬ್ಬಿಯಲ್ಲಿ ನಾಲ್ಕಾರು ಪೆಪ್ಪರಮೆಂಟೂ ಇರುತ್ತಿದ್ದವು. ಪುಟ್ಟಿ ಬಂದು "ತಾತಾ" ಎಂದು ಕೈ ಚಾಚಿದರೆ ಆ ಡಬ್ಬಿಯನ್ನೇ ತೆಗೆದು ಪೆಪ್ಪರಮೆಂಟು ಕೊಡುತ್ತಿದ್ದೆ. ಆ ಡಬ್ಬಿಯಲ್ಲಿ ಸಿಹಿ ಸಿಗುತ್ತದೆ ಎಂದು ಮಗುವಿಗೆ ಪಾಠ ಮಾಡಿದವನು ನಾನೇ.

ಹಿರಿಯ ಮೊಮ್ಮಗಳು ಮನೆಗೆ ಓಡಿ ಡಬ್ಬಿ ತಂದಳು. ಕಾಗದದ ಮೇಲೆ ಸುರಿದು ಎಣಿಸಿದಳು. ಹದಿನೇಳು ಮಾತ್ರೆ. "ನಿನ್ನೆ ಡಬ್ಬಿಯಲ್ಲಿ ಮಾತ್ರೆ ಎಷ್ಟಿತ್ತು, ತಾತ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಹದಿನೇಳು ಇತ್ತೋ, ಹದಿನೆಂಟು ಇತ್ತೋ. ಒಂದೇ ಒಂದರ ವ್ಯತ್ಯಾಸ, ಆದರೆ ಆ ಒಂದರ ಮೇಲೆ ಮಗುವಿನ ಜೀವ ನಿಂತಿತ್ತು.

ಡಾಕ್ಟರಮ್ಮ ಗದರಲಿಲ್ಲ. "ನಿಮಗೆ ಖಾತ್ರಿ ಇಲ್ಲ ಅಂದಮೇಲೆ ನುಂಗಿದ್ದಾಳೆ ಅಂತಲೇ ತಿಳಿದು ನೋಡಿಕೊಳ್ಳೋಣ. ನಾಳೆವರೆಗೆ ಇಲ್ಲೇ ಇರಲಿ" ಎಂದರು. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಜಾತಿಯ ಮಾತ್ರೆ ದೊಡ್ಡವರಿಗೆ ಔಷಧಿ. ಸಣ್ಣ ಮಗುವಿಗೆ ಒಂದೇ ಮಾತ್ರೆ ಸಾಕು, ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಲು. ಇನ್ನೂ ಮೋಸವೆಂದರೆ, ನುಂಗಿದ ಕೂಡಲೇ ಏನೂ ಕಾಣಿಸದೆ ಇರಬಹುದು. ಹಲವು ಗಂಟೆ ಬಿಟ್ಟು ಸಕ್ಕರೆ ಕುಸಿಯಬಹುದು. ಗ್ಲೂಕೋಸ್ ಕೊಟ್ಟಾಗ ಏರಿ, ಮತ್ತೆ ಇಳಿಯಬಹುದು. ಅದಕ್ಕೇ ಇಡೀ ಒಂದು ದಿನದ ಕಾವಲು.

ಈ ಮಾತ್ರೆ ಹುಟ್ಟಿದ ಕಥೆಯೂ ಹೀಗೇ ಇದೆ, ಕೇಳಿ. 1942ರಲ್ಲಿ ಫ್ರಾನ್ಸಿನ ಮೊಂಪೆಲಿಯೆ ಊರಿನಲ್ಲಿ ಮಾರ್ಸೆಲ್ ಜಾಂಬೋನ್ ಎಂಬ ವೈದ್ಯರು ಟೈಫಾಯ್ಡ್ ರೋಗಿಗಳಿಗೆ ಒಂದು ಹೊಸ ಸಲ್ಫಾ ಔಷಧಿ ಕೊಟ್ಟು ನೋಡಿದರು. ಕೆಲವು ರೋಗಿಗಳಿಗೆ ಕಾರಣವೇ ತಿಳಿಯದೆ ಬೆವರು, ಅಮಲು, ಫಿಟ್ಸು. ನೋಡಿದರೆ ರಕ್ತದ ಸಕ್ಕರೆ ಇಳಿದಿತ್ತು. ಅದೇ ಊರಿನ ಆಗಸ್ಟ್ ಲೂಬಾತಿಯೇರ್ ಎಂಬ ವಿಜ್ಞಾನಿ ಈ ಔಷಧಿಯು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ ಎಂದು ತೋರಿಸಿಕೊಟ್ಟರು. ನನ್ನಂಥ ಲಕ್ಷಾಂತರ ಜನ ನುಂಗುವ ಮಾತ್ರೆಗಳ ವಂಶ ಶುರುವಾದದ್ದು ಅಲ್ಲಿಂದ. ಸಕ್ಕರೆ ಇಳಿಸುವುದೇ ಅದರ ಕಸುಬು. ನುಂಗಿದವರು ತಾತನೋ ಮೊಮ್ಮಗಳೋ ಎಂದು ಅದು ಕೇಳುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪುಟ್ಟಿ ಎದ್ದು ಕೂತಳು. "ಪೀಪಿ ಎಲ್ಲಿ?" ಎಂದಳು. ನಾನು ವರಾಂಡಕ್ಕೆ ಹೋಗಿ ಪಂಚೆಯ ಚುಂಗಿನಲ್ಲಿ ಕಣ್ಣೊರೆಸಿಕೊಂಡೆ.

ಮೂತ್ರ ಪರೀಕ್ಷೆಯ ಫಲಿತಾಂಶ ಬಂದಿತ್ತು. ಡಾಕ್ಟರಮ್ಮ ಬಣ್ಣದ ಪಟ್ಟಿಯೊಂದನ್ನು ಹಿರಿಯ ಮೊಮ್ಮಗಳ ಕೈಗೆ ಕೊಟ್ಟು, "ನೀನು ಆರನೇ ಕ್ಲಾಸಲ್ವಾ? ನಿನಗೆ ಅರ್ಥ ಆಗುತ್ತೆ, ಬಾ" ಎಂದು ಕೂರಿಸಿಕೊಂಡರು. ಅವರು ಹೇಳಿದ್ದನ್ನು ನಮ್ಮೂರಿನ ಮಾತಿನಲ್ಲಿ ನಿಮಗೆ ಹೇಳುತ್ತೇನೆ.

ಮೊಳಕಾಲ್ಮೂರಿನ ಮಗ್ಗದ ಮನೆಗೆ ಹೋದರೆ ಲಾಳಿ ಅತ್ತಿಂದಿತ್ತ ಓಡುವುದನ್ನು ನೋಡುತ್ತೀರಿ. ಲಾಳಿಯೊಳಗೆ ನೂಲು ಸುತ್ತಿದ ಸಣ್ಣ ಕಂಡಿಕೆ ಇರುತ್ತದೆ. ಕಂಡಿಕೆ ದಪ್ಪಗಿದ್ದರೆ ಬಹಳ ಹೊತ್ತು ನೇಯಬಹುದು, ಸಣ್ಣದಾದರೆ ಬೇಗ ಮುಗಿಯುತ್ತದೆ. ನಮ್ಮ ಮೈಯಲ್ಲೂ ಹಾಗೆ. ಊಟ ಮಾಡಿದಾಗ ಬಂದ ಸಕ್ಕರೆಯಲ್ಲಿ ಒಂದು ಪಾಲನ್ನು ಪಿತ್ತಜನಕಾಂಗ, ಅಂದರೆ ಲಿವರ್, ಗ್ಲೈಕೋಜೆನ್ ಎಂಬ ರೂಪದಲ್ಲಿ ಸುತ್ತಿಟ್ಟುಕೊಳ್ಳುತ್ತದೆ. ರಾತ್ರಿ ನಾವು ಮಲಗಿದಾಗಲೂ ಮಿದುಳು ಕೆಲಸ ಬಿಡುವುದಿಲ್ಲ. ಅದಕ್ಕೆ ಸಕ್ಕರೆ ಬೇಕು. ಲಿವರ್ ತನ್ನ ಕಂಡಿಕೆಯಿಂದ ಎಳೆ ಎಳೆಯಾಗಿ ಬಿಡುತ್ತಾ ಹೋಗುತ್ತದೆ.

ದೊಡ್ಡವರ ಕಂಡಿಕೆ ದಪ್ಪ. ಒಂದು ರಾತ್ರಿ ಉಪವಾಸ ಮಾಡಿದರೂ ಅವರಿಗೆ ಸಾಲುತ್ತದೆ. ನಾಲ್ಕು ವರ್ಷದ ಮಗುವಿನ ಲಿವರ್ ಎಷ್ಟಿದ್ದೀತು? ಮಿದುಳು ಮಾತ್ರ ಆಗಲೇ ದೊಡ್ಡವರ ಮಿದುಳಿಗೆ ಹತ್ತಿರ ಹತ್ತಿರ ಬೆಳೆದಿರುತ್ತದೆ. ದೊಡ್ಡವರ ಮೈ ಬಳಸುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 20 ಭಾಗ ಮಿದುಳಿನ ಪಾಲು. ನಾಲ್ಕೈದು ವರ್ಷದ ಮಗುವಿನಲ್ಲಿ ಅದು ನೂರಕ್ಕೆ 40ನ್ನೂ ದಾಟುತ್ತದೆ. ಲಾಳಿ ಜೋರಾಗಿ ಓಡುತ್ತಿದೆ, ಕಂಡಿಕೆ ಮಾತ್ರ ಚಿಕ್ಕದು! ಇಡೀ ದಿನ ಕುಣಿದು, ರಾತ್ರಿ ಊಟ ಬಿಟ್ಟು ಮಲಗಿದರೆ ಬೆಳಗಿನ ಜಾವಕ್ಕೆ ನೂಲು ಮುಗಿಯಿತು.

ನೂಲು ಮುಗಿದರೆ ಮೈ ಸುಮ್ಮನೆ ಕೂರುವುದಿಲ್ಲ. ಕೊಬ್ಬನ್ನು ಕರಗಿಸಿ ಉರುವಲು ಮಾಡಿಕೊಳ್ಳುತ್ತದೆ. ಆಗ ಕೀಟೋನ್ ಎಂಬ ವಸ್ತು ಹುಟ್ಟಿ ಮೂತ್ರದಲ್ಲೂ ಬರುತ್ತದೆ. ಪುಟ್ಟಿಯ ಪಟ್ಟಿ ಕಡು ನೇರಳೆ ಬಣ್ಣಕ್ಕೆ ತಿರುಗಿತ್ತು. ಅಂದರೆ ಕೀಟೋನ್ ಧಾರಾಳವಾಗಿತ್ತು. ನನ್ನ ಮಾತ್ರೆ ನುಂಗಿದ್ದರೆ ಮೈಯಲ್ಲಿ ಇನ್ಸುಲಿನ್ ಹೆಚ್ಚುತ್ತಿತ್ತು. ಇನ್ಸುಲಿನ್ ಹೆಚ್ಚಿದ್ದಾಗ ಕೊಬ್ಬು ಕರಗುವುದು ನಿಲ್ಲುತ್ತದೆ, ಕೀಟೋನ್ ಅಷ್ಟಾಗಿ ಹುಟ್ಟುವುದೇ ಇಲ್ಲ. "ಹಾಗಾಗಿ ಮಾತ್ರೆಗಿಂತ ಉಪವಾಸದ ಮೇಲೇ ನನಗೆ ಅನುಮಾನ ಜಾಸ್ತಿ. ಆದರೂ ನಾಳೆವರೆಗೆ ಬಿಡೋದಿಲ್ಲ" ಎಂದರು ಡಾಕ್ಟರಮ್ಮ.

ಆ ರಾತ್ರಿ ಮೂರು ಸಲ, ಬೆಳಗ್ಗೆ ಒಂದು ಸಲ ಕೈ ತೊಳೆದು ಚುಚ್ಚಿದರು. 104, 96, 91, 88. ಪುಟ್ಟಿ ಇಡ್ಲಿ ತಿಂದು ಮನೆಗೆ ಬಂದಳು. ಕೆಲವು ದಿನದಲ್ಲಿ ಬಂದ ರಕ್ತದ ವರದಿಗಳಲ್ಲೂ ಬೇರೆ ದೋಷ ಕಾಣಲಿಲ್ಲ. ಅವಳಿಗೆ ಆದದ್ದು ಸಕ್ಕರೆ ಕಾಯಿಲೆ ಅಲ್ಲ. ಕೀಟೋನ್ ಜೊತೆಗೆ ಸಕ್ಕರೆ ಇಳಿಯುವ ತೊಂದರೆ. ಒಂದೂವರೆ ವರ್ಷದಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ, ಅದರಲ್ಲೂ ಸಣಕಲು ಮಕ್ಕಳಲ್ಲಿ, ಇದು ಹೆಚ್ಚು. ಬೆಳೆದಂತೆ ಕಂಡಿಕೆಯೂ ದಪ್ಪವಾಗುತ್ತದೆ. ಎಂಟು-ಒಂಬತ್ತು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಲ್ಲಿ ತಾನಾಗಿಯೇ ಹೋಗುತ್ತದೆ.

"ಒಂದು ಹೊತ್ತು ಉಣ್ಣದಿದ್ದರೆ ಏನಾಗುತ್ತೆ" ಎಂದಿದ್ದೆನಲ್ಲ, ಏನಾಗುತ್ತದೆ ಎಂದು ನಮ್ಮ ದೇಶವೇ ದೊಡ್ಡ ಬೆಲೆ ಕೊಟ್ಟು ಕಲಿತಿದೆ. ಬಿಹಾರದ ಮುಜಫ್ಫರಪುರ ಲಿಚಿ ಹಣ್ಣಿಗೆ ಹೆಸರಾದ ಊರು. ಅಲ್ಲಿ 1995ರಿಂದ ಈಚೆಗೆ ಬೇಸಿಗೆಯಲ್ಲಿ, ಲಿಚಿ ಹಣ್ಣಾಗುವ ಕಾಲದಲ್ಲಿ, ಮಕ್ಕಳು ಬೆಳಗಿನ ಜಾವ ಇದ್ದಕ್ಕಿದ್ದಂತೆ ಫಿಟ್ಸು ಬಂದು ಎಚ್ಚರ ತಪ್ಪುತ್ತಿದ್ದರು. ಮೆದುಳು ಜ್ವರವೋ ಏನೋ ತಿಳಿಯದೆ ವರ್ಷಗಟ್ಟಲೆ ತಲೆಕೆಡಿಸಿಕೊಂಡರು. 2014ರ ಮೇ 26ರಿಂದ ಜುಲೈ 17ರವರೆಗೆ ಅಲ್ಲಿನ ಎರಡು ಆಸ್ಪತ್ರೆಗಳಿಗೆ ಇಂಥ 390 ಮಕ್ಕಳು ಬಂದರು. 122 ಮಕ್ಕಳು ಉಳಿಯಲಿಲ್ಲ. ಭಾರತ ಮತ್ತು ಅಮೆರಿಕದ ತಜ್ಞರು ಒಟ್ಟಾಗಿ ಹುಡುಕಿ, 2017ರಲ್ಲಿ ಕಾರಣ ಪ್ರಕಟಿಸಿದರು.

ಬಹಳ ಮಕ್ಕಳಲ್ಲಿ ರಕ್ತದ ಸಕ್ಕರೆ ತೀರಾ ಇಳಿದಿತ್ತು. ಲಿಚಿಯಲ್ಲಿ ಇರುವ ಕೆಲವು ವಸ್ತುಗಳು ಮೈಯು ಕೊಬ್ಬು ಕರಗಿಸಿ, ಹೊಸದಾಗಿ ಸಕ್ಕರೆ ಮಾಡಿಕೊಳ್ಳುವ ದಾರಿಯನ್ನೇ ಮುಚ್ಚುತ್ತವೆ. ಹೊಟ್ಟೆ ತುಂಬ ಉಂಡು ನಾಲ್ಕು ಹಣ್ಣು ತಿಂದ ಮಗುವಿಗೆ ಅದು ತಟ್ಟುವುದಿಲ್ಲ. ತೋಟದಲ್ಲಿ ಲಿಚಿ ತಿಂದು, ರಾತ್ರಿ ಉಣ್ಣದೆ ಮಲಗಿದ ಬಡ ಮಕ್ಕಳಿಗೆ ಎರಡೂ ದಾರಿ ಮುಚ್ಚಿತು: ಕಂಡಿಕೆಯೂ ಖಾಲಿ, ಬೇರೆ ನೂಲೂ ಇಲ್ಲ. ತಜ್ಞರು ಕೊಟ್ಟ ಸಲಹೆಯಲ್ಲಿ ದುಬಾರಿ ಔಷಧಿ ಯಾವುದೂ ಇರಲಿಲ್ಲ. ಲಿಚಿ ಮಿತವಾಗಿ ತಿನ್ನಲಿ, ಮಕ್ಕಳು ರಾತ್ರಿ ಊಟ ಮಾಡಿಯೇ ಮಲಗಲಿ, ಆಸ್ಪತ್ರೆಗೆ ಬಂದ ಕೂಡಲೇ ಸಕ್ಕರೆ ನೋಡಿ ಗ್ಲೂಕೋಸ್ ಕೊಡಲಿ. ಇಷ್ಟೇ.

ನಮ್ಮ ಮೊಳಕಾಲ್ಮೂರಿನಲ್ಲಿ ಲಿಚಿ ತೋಟವಿಲ್ಲ. ಆದರೆ ಉಣ್ಣದೆ ಮಲಗುವ ಮಕ್ಕಳಿದ್ದಾರೆ. ಮಾತ್ರೆ ಡಬ್ಬಿಯ ತಾತಂದಿರೂ ಇದ್ದಾರೆ. ಹಾಗಾಗಿ ಡಾಕ್ಟರಮ್ಮ ನಮಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

ಮೊದಲನೆಯದು ಊಟ. ಐದು ವರ್ಷದೊಳಗಿನ ಮಗು ರಾತ್ರಿ ಉಣ್ಣದೆ ಮಲಗಬಾರದು. ಮದುವೆ, ಜಾತ್ರೆ, ಪ್ರಯಾಣದ ದಿನ ಸಂಜೆ ಆರಕ್ಕೇ ಒಂದಿಷ್ಟು ಮುದ್ದೆ-ಸಾರೋ ಮೊಸರನ್ನವೋ ತಿನ್ನಿಸಿಬಿಡಿ. ನಿದ್ದೆಗಣ್ಣಿನಲ್ಲಿದ್ದರೂ ಎಬ್ಬಿಸಿ ಕೂರಿಸಿ ಒಂದು ಲೋಟ ಹಾಲಾದರೂ ಕುಡಿಸಿ. ನಮ್ಮದು ಶೇಂಗಾದ ಸೀಮೆ. ಮುದ್ದೆ ಜೊತೆ, ಅನ್ನದ ಜೊತೆ ಶೇಂಗಾ ಪುಡಿ ಕಲಸಿಕೊಡಿ. ಇಡೀ ಬೀಜ ಬೇಡ, ಸಣ್ಣ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಎರಡನೆಯದು ಜ್ವರ, ವಾಂತಿ-ಭೇದಿಯ ದಿನಗಳು. ಆಗ ಮಗು ತಿನ್ನುವುದಿಲ್ಲ, ಖರ್ಚು ಮಾತ್ರ ಹೆಚ್ಚು. "ವಾಂತಿ ಆಗುತ್ತಿದೆ, ಹೊಟ್ಟೆ ಖಾಲಿ ಇರಲಿ" ಎನ್ನಬೇಡಿ. ಓಆರ್‌ಎಸ್, ಸಕ್ಕರೆ ಹಾಕಿದ ಗಂಜಿ, ಇವನ್ನು ಗುಟುಕು ಗುಟುಕಾಗಿ ಕೊಡುತ್ತಿರಿ. ಏನೂ ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಮೂರನೆಯದು ಗುರುತು. ಬೆಳಗ್ಗೆ ಎಬ್ಬಿಸಿದರೆ ಏಳದ ಮಗು, ತಣ್ಣನೆಯ ಬೆವರು, ಬಿಳುಚಿದ ಮುಖ, ತೊದಲು ಮಾತು, ನಡುಕ, ಕಾರಣವಿಲ್ಲದ ಹಟ, ಅಮಲು. ದೃಷ್ಟಿ ಆಮೇಲೆ ತೆಗೆಯಬಹುದು, ಮೊದಲು ಸಕ್ಕರೆ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಎಚ್ಚರಿಕೆ, 54ಕ್ಕಿಂತ ಕೆಳಗಿದ್ದರೆ ಬಹಳ ಅಪಾಯ. ಮಿಷನ್ ಇಲ್ಲದಿದ್ದರೆ ಅದಕ್ಕಾಗಿ ಕಾಯಬೇಡಿ. ಮಗುವಿಗೆ ಎಚ್ಚರವಿದ್ದು ನುಂಗುತ್ತಿದ್ದರೆ ಸಕ್ಕರೆ ನೀರು ಕೊಟ್ಟು ಆಸ್ಪತ್ರೆಗೆ ಹೊರಡಿ. ಎಚ್ಚರ ತಪ್ಪಿದ್ದರೆ, ಫಿಟ್ಸು ಬರುತ್ತಿದ್ದರೆ ಬಾಯಿಗೆ ನೀರು ಹುಯ್ಯಲೇಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಫಿಟ್ಸು ನಿಂತು ಮಗು ಎಚ್ಚರ ತಪ್ಪಿಯೇ ಇದ್ದರೆ, ಗ್ಲೂಕೋಸ್ ಸಿಗುವುದು ತಡವಾಗುವಂತಿದ್ದರೆ, ಒಂದು ಚಮಚ ಸಕ್ಕರೆಯನ್ನು ಕೆಲವೇ ಹನಿ ನೀರಿನಲ್ಲಿ ನೆನೆಸಿ ನಾಲಗೆಯ ಕೆಳಗೆ ಇಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಸಕ್ಕರೆ ತಿಂದು ಚೇತರಿಸಿಕೊಂಡಳಲ್ಲ, ಇನ್ನೇಕೆ ಆಸ್ಪತ್ರೆ ಎನ್ನಬೇಡಿ. ಸಕ್ಕರೆ ಇಳಿಯಲು ಉಪವಾಸವೊಂದೇ ಕಾರಣವಲ್ಲ. ಮಾತ್ರೆ ಇರಬಹುದು, ಹುಟ್ಟಿನಿಂದ ಬಂದ ದೋಷ ಇರಬಹುದು, ಗ್ರಂಥಿಗಳ ತೊಂದರೆ ಇರಬಹುದು. ಸಕ್ಕರೆ ಇಳಿದಿದ್ದ ಹೊತ್ತಿನಲ್ಲೇ ತೆಗೆದ ರಕ್ತ ಮತ್ತು ಆ ಬೆಳಗಿನ ಮೂತ್ರದಲ್ಲಿ ಇದರ ಸುಳಿವು ಸಿಗುತ್ತದೆ. ಎರಡನೇ ಸಲ ಹೀಗಾದರೆ ಮಕ್ಕಳ ತಜ್ಞರಿಗೆ ತೋರಿಸಲೇಬೇಕು.

ಏರಿದ ಸಕ್ಕರೆಯ ಬಗ್ಗೆಯೂ ಒಂದು ಮಾತು. ಜ್ವರ, ಫಿಟ್ಸು, ಗಾಬರಿಯ ಹೊತ್ತಿನಲ್ಲಿ ಮಗುವಿನ ಸಕ್ಕರೆ ಸ್ವಲ್ಪ ಹೊತ್ತು ಏರಿ, ತಾನೇ ಇಳಿಯುವುದುಂಟು. ನಮ್ಮ ಮನೆಯ ಬೆಲ್ಲದ ಬೆರಳಿನಂತೆ ಸುಳ್ಳು ಲೆಕ್ಕವೂ ಉಂಟು. ಆದರೆ ಮಗುವಿಗೆ ಬಾಯಾರಿಕೆ ಹೆಚ್ಚಿ, ಪದೇ ಪದೇ ಮೂತ್ರಕ್ಕೆ ಹೋಗುತ್ತಾ, ಬಿಟ್ಟಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗಿ, ಮೈ ಇಳಿಯುತ್ತಿದ್ದರೆ ಅದು ನಿಜವಾದ ಸಕ್ಕರೆ ಕಾಯಿಲೆ ಇರಬಹುದು. ಅವತ್ತೇ ತೋರಿಸಿ. ಬೇಕು ಬೇಡವೆಂದು ಮನೆಯಲ್ಲೇ ತೀರ್ಮಾನ ಮಾಡಬೇಡಿ.

ಕೊನೆಯದು ಡಬ್ಬಿ. ಅಜ್ಜ-ಅಜ್ಜಿಯರೇ, ಇದು ನಮ್ಮ ಪಾಲಿನ ಕೆಲಸ. ಮಾತ್ರೆ ಅದು ಬಂದ ಹಾಳೆಯಲ್ಲೇ ಇರಲಿ. ಎತ್ತರದಲ್ಲಿ, ಬೀಗ ಇರುವ ಕಡೆ ಇರಲಿ. ದಿಂಬಿನ ಕೆಳಗೆ, ಎಲೆ-ಅಡಿಕೆ ಚೀಲದಲ್ಲಿ, ಸೆರಗಿನ ಗಂಟಿನಲ್ಲಿ ಬೇಡ. ಮಗುವಿಗೆ ಔಷಧಿ ಕುಡಿಸುವಾಗ "ಪೆಪ್ಪರಮೆಂಟು ಕಣೋ" ಎಂದು ಪುಸಲಾಯಿಸಬೇಡಿ. ಮಗುವಿನ ಎದುರು ಮಾತ್ರೆ ನುಂಗಿ ಚಪ್ಪರಿಸಬೇಡಿ. ಕೈ ನಡುಗಿ ಮಾತ್ರೆ ಕೆಳಗೆ ಬಿದ್ದರೆ ಸಿಗುವವರೆಗೆ ಹುಡುಕಿ, ಮಂಚದ ಕೆಳಗೆ ನಮಗಿಂತ ಮೊದಲು ತೆವಳುವವರು ಅವರು. ಬಿಪಿಯ ಕೆಲವು ಮಾತ್ರೆಗಳೂ ಸಣ್ಣ ಮಕ್ಕಳಲ್ಲಿ ಸಕ್ಕರೆ ಇಳಿಸುತ್ತವೆ. ಮಗು ಮಾತ್ರೆ ಬಾಯಿಗೆ ಹಾಕಿಕೊಂಡಿತೆಂಬ ಅನುಮಾನ ಬಂದರೆ, ಮಗು ಆಡುತ್ತಿದ್ದರೂ ಸರಿಯೇ, ಆ ಹಾಳೆಯನ್ನು ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ. ಬೈಸಿಕೊಳ್ಳುವ ಭಯಕ್ಕೆ ಮುಚ್ಚಿಡಬೇಡಿ. "ನನಗೆ ಗೊತ್ತಿಲ್ಲ" ಎಂದು ನಾನು ಒಪ್ಪಿಕೊಂಡದ್ದರಿಂದಲೇ ಪುಟ್ಟಿಗೆ ಆ ರಾತ್ರಿಯ ಕಾವಲು ಸಿಕ್ಕಿತು.

ಈಗ ನಮ್ಮ ಮನೆಯಲ್ಲಿ ಹಿರಿಯ ಮೊಮ್ಮಗಳದೇ ಕಾನೂನು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗುರುತು ಹಾಕುತ್ತಾಳೆ. ನಾನು ಮಾತ್ರೆ ನುಂಗಿದರೆ ಒಂದು ಗೀಟು, ಪುಟ್ಟಿ ರಾತ್ರಿ ಉಂಡರೆ ಒಂದು ಸೊನ್ನೆ. ಆಗಾಗ ಹಾಳೆ ಎಣಿಸಿ ನನ್ನ ಲೆಕ್ಕ ಪರೀಕ್ಷೆ ಮಾಡುತ್ತಾಳೆ. ನಾನು ಇಷ್ಟು ವರ್ಷ ಮಕ್ಕಳಿಗೆ ಕೊಟ್ಟ ಮಾರ್ಕ್ಸನ್ನೆಲ್ಲ ಈಗ ವಾಪಸು ಪಡೆಯುತ್ತಿದ್ದೇನೆ! ಚಳಿಗಾಲದಲ್ಲಿ ಪುಟ್ಟಿಗೆ ಮೂರು ದಿನ ಜ್ವರ ಬಂದಿತ್ತು. ಎರಡೆರಡು ಗಂಟೆಗೆ ಗಂಜಿ, ಬೆಲ್ಲದ ನೀರು ಕೊಟ್ಟೆವು. ಬೆಳಗ್ಗೆ ಕೈ ತೊಳೆದು ನೋಡಿದರೆ 82. ಅಜ್ಜಿ ಆಮೇಲೆ ನಿಧಾನವಾಗಿ ದೃಷ್ಟಿಯನ್ನೂ ತೆಗೆದರು. ನಾನು ಬೇಡ ಅನ್ನಲಿಲ್ಲ.

ತಗಡಿನ ಡಬ್ಬಿ ಇನ್ನೂ ಇದೆ. ಅದರಲ್ಲಿ ಈಗ ಗುಂಡಿ, ಸೂಜಿದಾರ. ಪೆಪ್ಪರಮೆಂಟು ನನ್ನ ಜುಬ್ಬಾದ ಜೇಬಿಗೆ ಬಂದಿದೆ. ಪುಟ್ಟಿಗೆ ಅದರ ವಿಳಾಸವೂ ಗೊತ್ತಾಗಿದೆ, ಬಿಡಿ.

ಈ ವಾರದ ಕೆಲಸ: ಮಕ್ಕಳೇ, ಪತ್ರಿಕೆ ಮಡಚಿಟ್ಟು ಈಗಲೇ ಏಳಿ. ನಿಮ್ಮ ಅಜ್ಜ-ಅಜ್ಜಿಯರ ಕೈ ಹಿಡಿದುಕೊಂಡು ಅವರ ಮಾತ್ರೆ ಎಲ್ಲೆಲ್ಲಿದೆ ಎಂದು ಹುಡುಕಿ. ನೀವು ಒಬ್ಬರೇ ಮುಟ್ಟಬೇಡಿ, ಅವರ ಜೊತೆ ಕೂತು ಎಣಿಸಿ. ಎಷ್ಟಿದೆ ಎಂದು ಒಂದು ಚೀಟಿಯಲ್ಲಿ ಬರೆದು, ಎತ್ತರದ ಜಾಗ ಹುಡುಕಿ ಇಡಿಸಿ. ಚಿಕ್ಕ ತಮ್ಮ-ತಂಗಿ ಇದ್ದರೆ ಇವತ್ತು ರಾತ್ರಿ ಅವರು ಉಂಡೇ ಮಲಗಿದರಾ ನೋಡಿ.

ಎಷ್ಟು ಕಡೆ ಮಾತ್ರೆ ಸಿಕ್ಕಿತು ಎಂದು ನನಗೆ ಬರೆದು ಕಳುಹಿಸಿ. ಮುಂದಿನ ವಾರ ಜಟಿಂಗ ರಾಮೇಶ್ವರದ ಬೆಟ್ಟದ ಬುಡದಲ್ಲಿ ಸಿಗೋಣ. ಹೊಟ್ಟೆ ತುಂಬ ಉಂಡು ಬನ್ನಿ, ಮೆಟ್ಟಿಲು ಬಹಳ ಇವೆ.

ನಿಮ್ಮ
ಮೇಷ್ಟ್ರು ತಾತ